ಗೂಬೆ ಹೊಕ್ಕ ಶಾಲೆ

ಕಳೆದ ಬೇಸಿಗೆಯಲ್ಲಿ ತಂಗಿಯ ಮೊಮ್ಮಕ್ಕಳು ನನ್ನನ್ನು ಶೆಟ್ಟಿಹಳ್ಳಿಗೆ ಎಳೆದುಕೊಂಡು ಹೋಗಿದ್ದರು. ಹೇಮಾವತಿಯ ಹಿನ್ನೀರು ಇಳಿದು, ಮುರುಕು ಇಗರ್ಜಿಯ ಬುಡದವರೆಗೂ ನಡೆದೇ ಹೋಗಬಹುದಾದ ಕಾಲ. ಹುಡುಗರು ಫೋಟೋ ತೆಗೆದುಕೊಳ್ಳುವುದರಲ್ಲಿದ್ದರು. ನಾನು ಕೋಲೂರಿಕೊಂಡು ಗೋಡೆಗಳ ನಡುವೆ ಕಾಲಿಟ್ಟಿದ್ದೇ ತಡ, ಮೂಗಿಗೆ ಒಂದು ವಾಸನೆ ಬಡಿಯಿತು. ಹಳೆಯ ಗಾರೆ, ಒಣ ಧೂಳು, ಅದರೊಳಗೆ ಬೆರೆತ ಒಂದು ಘಾಟು. ತಲೆ ಎತ್ತಿ ನೋಡಿದೆ. ಗೋಡೆಯ ಬಿರುಕಿನ ಕೆಳಗೆ ಬಿಳಿ ಹಿಕ್ಕೆಯ ಪಟ್ಟೆಗಳು, ನೆಲದ ಮೇಲೆ ಹೆಬ್ಬೆರಳು ಗಾತ್ರದ ಬೂದು ಉಂಡೆಗಳು.

"ತಾತ, ಹೊರಗೆ ಬನ್ನಿ. ಅಲ್ಲಿ ಗೂಬೆ ಇದೆಯಂತೆ, ಒಳ್ಳೇದಲ್ಲ," ಎಂದ ಒಬ್ಬ.

"ಒಳ್ಳೇದಲ್ಲ ಅನ್ನೋದನ್ನ ನೀನು ನೋಡಿದೀಯೇನೋ?" ಎಂದೆ.

ಅವನು ಪೆಚ್ಚಾಗಿ ನಕ್ಕ. ಮುದುಕನಿಗೆ ಅರಳುಮರಳು ಅಂದುಕೊಂಡಿರಬೇಕು. ಆದರೆ ಆ ಪ್ರಶ್ನೆ ನನ್ನದಲ್ಲ. ಅರವತ್ತು ಚಿಲ್ಲರೆ ವರ್ಷಗಳ ಹಿಂದೆ ಹನ್ನೊಂದು ವರ್ಷದ ಒಬ್ಬ ಹುಡುಗಿ ನನಗೆ ಕಲಿಸಿದ್ದು.

ಐವತ್ತೊಂಬತ್ತರ ಜೂನ್. ದಂಡಿಗನಹಳ್ಳಿ ಹೋಬಳಿಯ ಒಂದು ಹಳ್ಳಿಗೆ ಮೇಷ್ಟ್ರಾಗಿ ಹೋದೆ. ಊರಿನ ಹೆಸರು ಹೇಳುವುದಿಲ್ಲ. ಬೈಯುವುದಿದ್ದಾಗ ಹೆಸರು ಹೇಳಬಾರದು, ಅಲ್ಲಿ ಈಗ ಒಳ್ಳೆಯವರೂ ಇದ್ದಾರೆ. ನನಗಾಗ ಇಪ್ಪತ್ತು ವರ್ಷ. ಕೊಣನೂರು ಕಡೆಯ ಒಂದು ಕೇರಿಯಿಂದ ಬಂದವನು, ನಮ್ಮ ಕೇರಿಯಲ್ಲಿ ಟ್ರೈನಿಂಗ್ ಮುಗಿಸಿದ ಮೊದಲನೆಯವನು. ಆ ಊರಿನಲ್ಲಿ ನನಗೆ ಬಾಡಿಗೆಗೆ ಮನೆ ಸಿಗಲಿಲ್ಲ, ಸಿಗುತ್ತದೆಂದು ನಾನೂ ಅಂದುಕೊಂಡಿರಲಿಲ್ಲ. ಅಲ್ಲಿನ ಕೇರಿಯ ಮಾದಜ್ಜಿ ತನ್ನ ಗುಡಿಸಲಿಗೆ ಅಂಟಿಕೊಂಡಂತೆ ಒಂದು ಇಳಿಮಾಡು ಹಾಕಿಸಿಕೊಟ್ಟಳು. ಅವಳ ಮೊಮ್ಮಗಳೇ ಕೆಂಪಿ. ಕೆಂಪಿಯ ತಾಯಿ ನಿಂಗವ್ವ ಪಟೇಲರ ಮನೆಯ ಕೊಟ್ಟಿಗೆ ಕೆಲಸಕ್ಕೆ ಹೋಗುತ್ತಿದ್ದಳು.

ಶಾಲೆ ಅಂದರೆ ಒಂದೇ ಕೋಣೆ. ನಾಡಹೆಂಚಿನ ಸೂರು, ಮೂಲೆಯಲ್ಲಿ ಮುರಿದ ಬೆಂಚು ಎತ್ತಿಟ್ಟಿದ್ದ ಹಲಗೆಯ ಅಟ್ಟ, ಹೊರಗೊಂದು ಜಗಲಿ. ಊರ ಮಕ್ಕಳು ಒಳಗೆ ಕೂರುತ್ತಿದ್ದರು. ಕೇರಿಯ ಮಕ್ಕಳು ಜಗಲಿಯ ಮೇಲೆ ಕೂತು ಕಿಟಕಿಯ ಸರಳಿನ ಮೂಲಕ ಪಾಠ ಕೇಳಿಸಿಕೊಳ್ಳುತ್ತಿದ್ದರು. ಮೊದಲ ದಿನವೇ ನಾನು, "ಎಲ್ಲ ಒಳಕ್ಕೆ ಬನ್ರಪ್ಪಾ," ಎಂದೆ. ಜಗಲಿಯ ಮಕ್ಕಳು ತಮ್ಮ ಬೆನ್ನ ಹಿಂದೆ ತಿರುಗಿ ನೋಡಿದವು, ಯಾರನ್ನು ಕರೆಯುತ್ತಿದ್ದಾನೆ ಅಂತ.

ಮೂರನೆಯ ದಿನ ಪಟೇಲ ಸಣ್ಣೇಗೌಡರು ಬಂದು ಅಂಗಳದಲ್ಲೇ ನಿಂತರು.

"ಏನಯ್ಯಾ, ಇಲ್ಲೊಂದು ನಡ್ಕಂಡ್ ಬಂದಿರೋ ಪದ್ಧತಿ ಐತೆ."

"ಐತೆ ಗೌಡ್ರೆ. ಆದ್ರೆ ಜಗಲಿ ಸೋರ್ತದೆ," ಎಂದೆ.

ಮಳೆಗಾಲ ಮುಗಿದ ಮೇಲೂ ಜಗಲಿ ಸೋರುತ್ತಲೇ ಇತ್ತು. ಪಟೇಲರು ನನ್ನನ್ನು ಒಂದು ದಿನವೂ ಮೇಷ್ಟ್ರೆ ಎಂದು ಕರೆಯಲಿಲ್ಲ. ನಾನೂ ಒಂದು ದಿನವೂ ಅವರೆದುರು ಹೆಗಲ ಮೇಲಿನ ಟವೆಲ್ ಕೆಳಗಿಳಿಸಲಿಲ್ಲ. ಹೀಗೆ ನಮ್ಮಿಬ್ಬರ ಲೆಕ್ಕ ಸರಿಸಮ ನಡೆದಿತ್ತು.

ಪಾಠ ಮಾಡಲು ನನ್ನ ಬಳಿ ಪುಸ್ತಕಗಳಿದ್ದದ್ದು ಕಡಿಮೆ, ಹೊರಗೆ ಹೊಲ ಬೇಲಿ ಕೆರೆ ಇದ್ದದ್ದು ಬೇಕಾದಷ್ಟು. ಕಪ್ಪು ಹಲಗೆಯ ನಡುವೆ ಒಂದು ಗೆರೆ ಎಳೆದೆ. ಎಡಗಡೆ 'ನೋಡಿದ್ದು', ಬಲಗಡೆ 'ಕೇಳಿದ್ದು'. ಶಾಲೆಗೆ ಬರುವ ದಾರಿಯಲ್ಲಿ ಗಿಡವೋ ಹುಳವೋ ಹಕ್ಕಿಯೋ, ಏನಾದರೊಂದು ವಿಷಯ ತರಬೇಕು. ತನ್ನ ಕಣ್ಣಿಂದಲೇ ಕಂಡಿದ್ದರೆ ಎಡಕ್ಕೆ, ಯಾರೋ ಹೇಳಿದ್ದಾದರೆ ಬಲಕ್ಕೆ. ಬರೆಯುವ ಪಾಳಿ ದಿನಕ್ಕೊಬ್ಬರದು, ಹಾಜರಿ ಪಟ್ಟಿಯ ಪ್ರಕಾರ.

ಮೊದಮೊದಲು ಬಲಗಡೆ ತುಂಬಿ ತುಳುಕುತ್ತಿತ್ತು. ಕೇರೆ ಹಾವು ಹಸುವಿನ ಕೆಚ್ಚಲಿಗೆ ಬಾಯಿ ಹಾಕಿ ಹಾಲು ಕುಡಿಯುತ್ತದೆ. ಎರಡು ತಲೆ ಹಾವು ಆರು ತಿಂಗಳು ಮುಂದಕ್ಕೆ, ಆರು ತಿಂಗಳು ಹಿಂದಕ್ಕೆ ಹೋಗುತ್ತದೆ. ಎಡಗಡೆ ಶುರು ಮಾಡಿದವಳು ಕೆಂಪಿ. ಮಾದಜ್ಜಿಯ ಜೊತೆ ಬೆರಕೆ ಸೊಪ್ಪಿಗೆ ಹೋಗುವವಳು ಅವಳು. ರಾಗಿ ಹೊಲದ ಕಳೆಯಲ್ಲಿ ಯಾವುದು ಅಣ್ಣೆ, ಯಾವುದು ಗೋಣಿ, ಯಾವುದು ತಿಂದರೆ ಬಾಯಿ ತುರಿಸುತ್ತದೆ ಎಂಬುದು ಅವಳ ಬೆರಳಿಗೆ ಗೊತ್ತಿತ್ತು. "ಕನ್ನೆ ಸೊಪ್ಪಿನ ನೀಲಿ ಊವು ಒತ್ತಾರೆ ಅರಳ್ತದೆ, ಮದ್ಯಾನಕ್ಕೆ ಮುದುರ್ಕತದೆ ಸಾ," ಎಂದಳು. ಎಲ್ಲರೂ ಹೋಗಿ ನೋಡಿದೆವು. ಹೌದು. ಎಕ್ಕದ ಎಲೆ ತಿನ್ನುವ ಪಟ್ಟೆ ಹುಳುವನ್ನು ತೆಂಗಿನ ಕರಟದಲ್ಲಿ ಸಾಕಿ, ಅದು ಕಿತ್ತಳೆ ಬಣ್ಣದ ಚಿಟ್ಟೆಯಾದ ದಿನ ಕರಟ ಎತ್ತಿಕೊಂಡು ಓಡಿ ಬಂದಳು. ಅವಳ ಹಿಂದೆ ಪಟೇಲರ ಮೊಮ್ಮಗಳು ಸಾವಿತ್ರಿಯೂ ಓಡಿ ಬಂದಿದ್ದಳು, ಯಾರ ಕರಟವನ್ನು ತಾನು ಮುಟ್ಟಿದ್ದೇನೆ ಎಂಬುದನ್ನೇ ಮರೆತು.

ನಾನೂ ಒಮ್ಮೆ ಸಿಕ್ಕಿಬಿದ್ದೆ. ಗೀಜಗನ ಹಕ್ಕಿ ತನ್ನ ಗೂಡಿನ ಗೋಡೆಗೆ ಹಸಿ ಮಣ್ಣು ಮೆತ್ತಿ, ಅದರಲ್ಲಿ ಮಿಣುಕು ಹುಳ ಅಂಟಿಸಿ ದೀಪ ಮಾಡಿಕೊಳ್ಳುತ್ತದೆ ಎಂದು ಎಡಗಡೆ ಬರೆದೆ. ಕೆಂಪಿ ಎದ್ದು ನಿಂತಳು.

"ಸಾ, ನೀವು ನೋಡಿದೀರಾ?"

ನೋಡಿರಲಿಲ್ಲ. ಚಿಕ್ಕಂದಿನಲ್ಲಿ ನನ್ನ ಮೇಷ್ಟ್ರು ಹೇಳಿದ್ದರು, ಅವರಿಗೆ ಅವರ ಮೇಷ್ಟ್ರು ಹೇಳಿದ್ದರು. ಭಾನುವಾರ ಕೆರೆಯಂಚಿನ ಜಾಲಿ ಮರದಿಂದ ಬಿದ್ದಿದ್ದ ಮೂರು ಗೂಡು ಬಿಚ್ಚಿದೆವು. ಒಣಮಣ್ಣು ಇತ್ತು. ಮಿಣುಕು ಹುಳದ ರೆಕ್ಕೆಯೂ ಇರಲಿಲ್ಲ. ಸೋಮವಾರ ನನ್ನ ಕೈಯಿಂದಲೇ ಅದನ್ನು ಒರೆಸಿ, 'ಕೇಳಿದ್ದು' ಕೆಳಗೆ ಬರೆದೆ. ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ದಿನದಿಂದ ತರಗತಿಯಲ್ಲಿ ಯಾರು ಬಾಯಿ ತೆಗೆದರೂ ಇಪ್ಪತ್ತು ಬಾಯಿ ಒಟ್ಟಿಗೆ ಕೇಳುತ್ತಿದ್ದವು, "ನೋಡಿದ್ಯಾ?"

ಕಾರ್ತಿಕ ಮಾಸದಲ್ಲಿ, ರಾಗಿ ತೆನೆ ಬಲಿತು ಬಗ್ಗುವ ಹೊತ್ತಿಗೆ, ಅಟ್ಟದಿಂದ ಬುಸ್ಸೆಂದು ಸದ್ದು ಬಂತು. ಮಕ್ಕಳು ಹಾವು ಎಂದು ಹೊರಗೋಡಿದವು. ನಾನು ಮೇಜು ಹತ್ತಿ ನೋಡಿದೆ. ಮುರಿದ ಬೆಂಚಿನ ಹಿಂದೆ ಅರಳಿ ಎಲೆಯಂಥ ಬಿಳಿ ಮುಖ, ಎರಡು ಕರೀ ಕಣ್ಣು. ಗೂಬೆ.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಗೂಬೆ ಹೊಕ್ಕ ಮನೆಗೆ ಬೀಗ ಹಾಕಿ ಆರು ತಿಂಗಳು ಬಿಟ್ಟುಬಿಡುವುದು, ಆಮೇಲೆ ಶಾಂತಿ ಮಾಡಿಸಿ ಒಳಗೆ ಹೋಗುವುದು ನಮ್ಮ ಸೀಮೆಯ ರೂಢಿ. ಉಡ ಹೊಕ್ಕರೂ ಹಾಗೇ. ಮಾರನೆಯ ಬೆಳಿಗ್ಗೆ ಪಟೇಲರು ನಾಲ್ಕು ಜನರೊಂದಿಗೆ ಬೀಗ ಹಿಡಿದು ಬಂದರು.

"ನಾನೇನೋ ಅನ್ಕಂಡಿದ್ದೆ ಕಣಯ್ಯಾ, ಇಂಗೇ ಆಯ್ತದೆ ಅಂತ. ಬರಬಾರ್ದೋರು ಒಳೀಕೆ ಬಂದ್ರು, ಅದೂ ಬಂತು. ಬ್ಯಾಸ್ಗೆ ಕಳೀಲಿ. ಜೂನ್‌ಗೆ ನೋಡಾನ."

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಐದು ತಿಂಗಳಿಂದ ಹುಡುಕುತ್ತಿದ್ದ ನೆಪ ಅವರಿಗೆ ರೆಕ್ಕೆ ಕಟ್ಟಿಕೊಂಡು ಬಂದಿತ್ತು. ಊರ ಮಕ್ಕಳಿಗೆ ಜೂನ್ ಬರುತ್ತದೆ. ಕೆಂಪಿಗೆ ಬರುವುದಿಲ್ಲ. ಶಾಲೆ ಮುಚ್ಚಿದ ಕೂಡಲೇ ಕೊಟ್ಟಿಗೆಗೆ ಕಳಿಸು ಎಂದು ನಿಂಗವ್ವನಿಗೆ ಆಗಲೇ ಹೇಳಿಯಾಗಿತ್ತು. ಒಂದು ಸಲ ಸಗಣಿ ಬುಟ್ಟಿ ಹೊತ್ತ ಹುಡುಗಿ ಮತ್ತೆ ಸ್ಲೇಟು ಹಿಡಿಯುವುದಿಲ್ಲ. ನನಗಿದು ಕೇಳಿ ಗೊತ್ತಿದ್ದಲ್ಲ, ನನ್ನ ಅಕ್ಕನಲ್ಲಿ ಕಣ್ಣಾರೆ ನೋಡಿದ್ದು. ನನಗೆ ಸಿಟ್ಟು ಬಂತು. ಬರೆಯುತ್ತಿರುವ ಈಗಲೂ ಬರುತ್ತಿದೆ.

"ಹಾಜರಿ ಪುಸ್ತಕ ಒಳಗಿದೆ, ತಗೊಂಡು ಬರ್ತೀನಿ ಗೌಡ್ರೆ," ಎಂದು ಒಳಗೆ ಹೋದೆ. ಬರುವಾಗ ಕಂಕುಳಲ್ಲಿ ಹಾಜರಿ ಪುಸ್ತಕವಿತ್ತು, ತಲೆಯ ಮೇಲೆ ಕಪ್ಪು ಹಲಗೆಯಿತ್ತು. ಅವರು ಬಾಯಿ ಬಿಡುವುದರೊಳಗೆ ಎದುರಿನ ಹೊಂಗೆ ಮರಕ್ಕೆ ಹಲಗೆ ಒರಗಿಸಿದೆ.

"ಮನೆಗೆ ಬೀಗ ಹಾಕ್ಕೊಳಿ. ಶಾಲೆ ಇಲ್ಲಿ ನಡೀತದೆ."

ಅಂದು ಮರದ ಕೆಳಗೆ ಕೂತದ್ದು ಏಳು ಮಕ್ಕಳು, ಎಲ್ಲ ಕೇರಿಯವೇ. ಊರವರು ತಮ್ಮ ಮಕ್ಕಳನ್ನು ಕರೆದುಕೊಂಡು ಹೋದರು. ಸಂಜೆ ಮಾದಜ್ಜಿ ಮುದ್ದೆ ಕಟ್ಟುತ್ತಾ ಎಲ್ಲ ಕೇಳಿಸಿಕೊಂಡಳು.

"ಗೂಬೆ ಒಕ್ಕುದ್ರೂ ಮನೆ ತೊಳೀತಾರೆ, ನಾವ್ ಒಕ್ಕುದ್ರೂ ತೊಳೀತಾರೆ. ಅದೂ ನಮ್ ಪೈಕೀನೇ ಬುಡು ಮಗ. ಚೆಂದಾಗ್ ನೋಡ್ಕಳಿ ಅದ್ನ."

ಹಾಗೆ ಶುರುವಾಯಿತು ನಮ್ಮ ಗೂಬೆ ಪಾಠ. ಬೀಗ ಇದ್ದದ್ದು ಬಾಗಿಲಿಗೆ. ಹಿಂದೆ ಪಾಠ ಕೇಳಿಸಿಕೊಳ್ಳಲು ಕೂರುತ್ತಿದ್ದ ಅದೇ ಜಗಲಿ, ಅದೇ ಕಿಟಕಿ. ಅಲ್ಲಿ ಕೂತು ಕಣ್ಣಿಟ್ಟರೆ ಅಟ್ಟದ ಮೂಲೆ ಕಾಣುತ್ತಿತ್ತು. ಕೆಂಪಿ ದಿನವೂ ಸರದಿ ಹಾಕಿಸಿದಳು. ಗೂಬೆ ಹೊರಡುವುದು ದನ ಮನೆಗೆ ಬಂದಾದ ಮೇಲೆ, ದೀಪ ಹಚ್ಚುವುದಕ್ಕೆ ಮೊದಲು, ಮುರಿದ ಹೆಂಚಿನ ಸಂದಿಯಿಂದ. ಹಾರುವಾಗ ಸದ್ದೇ ಇಲ್ಲ. ಗಂಡು ಬಾಯಲ್ಲಿ ಇಲಿ ತರುತ್ತದೆ, ಹೆಣ್ಣು ಗೂಡಿನಲ್ಲೇ ಕೂತಿರುತ್ತದೆ. ಹಗಲು ಗೂಬೆಗೆ ಕಣ್ಣು ಕಾಣಿಸುವುದಿಲ್ಲ ಎಂಬುದು ಬಲಗಡೆ ಇತ್ತು. ಕೆಂಪಿ ನಡುಮಧ್ಯಾಹ್ನ ಕಿಟಕಿಯಲ್ಲಿ ಕೈಯಾಡಿಸಿದಳು. ಅವಳ ಕೈ ಹೋದ ಕಡೆಗೆಲ್ಲ ಅದರ ಮುಖವೂ ತಿರುಗಿತು. 'ಹಗಲೂ ಕಾಣುತ್ತದೆ' ಎಂದು ಎಡಗಡೆ ಬರೆದಳು.

ಬೆಳಗಿನ ಇಬ್ಬನಿಯಲ್ಲಿ ಜಗಲಿಯ ಪಕ್ಕ, ಹುಣಸೆ ಮರದ ಬುಡದಲ್ಲಿ ಬೂದು ಉಂಡೆಗಳು ಸಿಗುತ್ತಿದ್ದವು. ಅದು ಗೂಬೆ ಕಕ್ಕಿದ ಹಸುಗೂಸಿನ ಎಲುಬು ಎಂದು ಊರಿನಲ್ಲಿ ಮಾತು. ಕರಟದ ನೀರಿನಲ್ಲಿ ನೆನೆಸಿ ಜಾಲಿ ಮುಳ್ಳಿನಿಂದ ಬಿಡಿಸಿದೆವು. ಕೂದಲಿನ ಒಳಗೆ ಸಣ್ಣ ಸಣ್ಣ ತಲೆಬುರುಡೆಗಳು, ಅರಿಶಿನ ಬಣ್ಣದ ಮುಂದಿನ ಎರಡು ಹಲ್ಲು. ಇಲಿ. ಒಂದು ಉಂಡೆಯಲ್ಲಿ ಮೂರು, ಇನ್ನೊಂದರಲ್ಲಿ ನಾಲ್ಕು. ಮುತ್ತುಗದ ಎಲೆಯ ಮೇಲೆ ಸಾಲಾಗಿ ಜೋಡಿಸಿ ಒಣಗಿಸಿದೆವು. ಊರಿನ ಮೆದೆಗಳಲ್ಲಿ ರಾಗಿ ತೆನೆ ಕತ್ತರಿಸುತ್ತಿದ್ದ ಹಲ್ಲುಗಳವು.

ಮಕ್ಕಳನ್ನು ಮನೆಯಲ್ಲಿ ಕಟ್ಟಿಹಾಕುವುದು ಸುಲಭ, ಅವರ ಕುತೂಹಲವನ್ನಲ್ಲ. ಊರ ಮಕ್ಕಳು ಒಂದೊಂದಾಗಿ ಮರದ ಹತ್ತಿರ ಸುಳಿದಾಡಿದವು, ಆಮೇಲೆ ಕೂತವು. ಅವರೆಕಾಯಿಯ ಸೊಗಡು ಊರೆಲ್ಲ ಹರಡುವ ಹೊತ್ತಿಗೆ ಹಾಜರಿ ಮತ್ತೆ ಮೊದಲಿನಷ್ಟಾಗಿತ್ತು. ಸಾವಿತ್ರಿಯೂ ಬಂದಳು. ಗೂಡಿನಲ್ಲಿ ಆಗ ಐದು ಮರಿ. ಒಂದೇ ಗಾತ್ರದವಲ್ಲ, ಮೆಟ್ಟಿಲಿನ ಹಾಗೆ ಒಂದಕ್ಕಿಂತ ಒಂದು ಸಣ್ಣದು. ಸಾವಿತ್ರಿ ನೋಡಿ ಬಂದು, "ನಮ್ಮನೇಲೂ ನಾವೈದ್ ಜನ ಇಂಗೇ ನಿಂತ್ಕತೀವಿ ಸಾ," ಎಂದಳು.

ಅಷ್ಟರಲ್ಲಿ ಪಟೇಲರು ಸುಮ್ಮನಿರಲಿಲ್ಲ. ಮೇಷ್ಟ್ರು ತಲೆಬುರುಡೆ ಇಟ್ಟುಕೊಂಡು ಮಕ್ಕಳಿಗೆ ಮಾಟ ಕಲಿಸುತ್ತಿದ್ದಾನೆ, ಶಾಲೆ ಮುಚ್ಚಿಸಬೇಕು ಎಂದು ಮೇಲಕ್ಕೆ ಅರ್ಜಿ ಹೋಯಿತು. ಸಂಕ್ರಾಂತಿ ಕಳೆದ ಮೇಲೆ ಚನ್ನರಾಯಪಟ್ಟಣದಿಂದ ಶಾಲಾ ಇನ್‌ಸ್ಪೆಕ್ಟರು ಸೈಕಲ್ ಮೇಲೆ ಬಂದರು. ಊರೂ ಕೇರಿಯೂ ಹೊಂಗೆ ಮರದ ಸುತ್ತ ನೆರೆಯಿತು, ಎರಡರ ನಡುವೆ ಮಾಮೂಲಿನಷ್ಟು ಜಾಗ ಬಿಟ್ಟುಕೊಂಡು. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ನಿಂಗವ್ವ ಬೆಳಿಗ್ಗೆಯೇ ನನಗೆ ಹೇಳಿದ್ದಳು, "ಇವತ್ತು ಮುಚ್ಚುದ್ರೆ ನಾಳಿಂದ್ಲೇ ಕೆಂಪಿ ಕೊಟ್ಟಿಗ್ಗೆ ಓಗ್ಬೇಕು ಮೇಷ್ಟ್ರೆ. ಮಾತ್ ಕೊಟ್ಬುಟ್ಟಿವ್ನಿ, ಏನ್ ಮಾಡ್ಲಿ?"

ಇನ್‌ಸ್ಪೆಕ್ಟರು ಮುತ್ತುಗದ ಎಲೆಯ ಬುರುಡೆಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಪಟೇಲರು ಮುಂದೆ ಬಂದರು.

"ನೀವೇ ಯೋಳಿ ಸ್ವಾಮಿ. ಗೂಬೆ ಒಕ್ಕಿದ್ ಮನೆ ಉದ್ಧಾರ ಆದದ್ದುಂಟಾ? ಆಳಾಗೋಯ್ತದೆ. ಈ ಮನೆ ಬಾಗ್ಲಲ್ಲಿ ಮಕ್ಳ ಕೂರ್ಸ್ಕಂಡು ಪಾಠ ಅಂತೆ, ಪಾಠ!"

ನಾನು ಉತ್ತರ ಕೊಡಲು ಎದ್ದೆ. ನನಗಿಂತ ಮೊದಲು ಮಕ್ಕಳ ಸಾಲಿನಿಂದ ಕೆಂಪಿ ಎದ್ದು ನಿಂತಿದ್ದಳು.

"ಗೌಡ್ರೆ, ಗೂಬೆ ಒಕ್ಕಿ ಆಳಾದ್ ಮನೆ ನೀವು ನೋಡಿದೀರಾ?"

ಕೇರಿಯ ಹುಡುಗಿ ಪಟೇಲರನ್ನು ಪ್ರಶ್ನೆ ಕೇಳಿದ್ದು ಆ ಊರಿನಲ್ಲಿ ಅದೇ ಮೊದಲಿರಬೇಕು. ನಿಂಗವ್ವ ಓಡಿ ಬಂದು ಮಗಳ ಬಾಯಿ ಮುಚ್ಚಲು ಕೈ ಚಾಚಿದಳು. ಮಾದಜ್ಜಿ ಅವಳ ಸೆರಗು ಹಿಡಿದೆಳೆದು ನಿಲ್ಲಿಸಿದಳು.

ಕೆಂಪಿಯ ದನಿಯಲ್ಲಿ ಸೊಕ್ಕಿರಲಿಲ್ಲ. ದಿನವೂ ಎಲ್ಲರನ್ನೂ ಕೇಳುವ ಹಾಗೆ ಕೇಳಿದ್ದಳು. ಅದಕ್ಕೇ ಇರಬೇಕು, ಪಟೇಲರಿಗೂ ಬೈಯಲು ಬಾಯಿ ಬರಲಿಲ್ಲ.

"ನಾನೇನ್ ನೋಡೋದು? ನಮ್ಮಪ್ಪ ಯೋಳೋರು. ಅವ್ರಿಗೆ ಅವ್ರಪ್ಪ..." ಎಂದರು.

ಕೆಂಪಿ ನನ್ನ ಕಡೆ ತಿರುಗಿದಳು. "ಅಂಗಾರೆ ಅದು ಬಲಗಡೀಕೆ ಸಾ."

ಅಂದಿನ ಬರೆಯುವ ಪಾಳಿ ಸಾವಿತ್ರಿಯದು. ಅವಳಿಗೆ ಅರ್ಜಿ ಗೊತ್ತಿಲ್ಲ, ಇನ್‌ಸ್ಪೆಕ್ಟರು ಗೊತ್ತಿಲ್ಲ. ಪಾಳಿ ಗೊತ್ತಿತ್ತು. ಎದ್ದು ಹೋಗಿ ಸೀಮೆಸುಣ್ಣ ಎತ್ತಿಕೊಂಡು 'ಕೇಳಿದ್ದು' ಕೆಳಗೆ ದುಂಡಗೆ ಬರೆದಳು: 'ಗೂಬೆ ಹೊಕ್ಕ ಮನೆ ಹಾಳಾಗುತ್ತದೆ. ಹೇಳಿದವರು ನಮ್ಮ ತಾತ.'

ಪಟೇಲರಿಗೆ ಓದಲು ಬರುತ್ತಿತ್ತು. ಮೊಮ್ಮಗಳ ಅಕ್ಷರವನ್ನು ಅಷ್ಟು ಹೊತ್ತು ಅವರು ಎಂದೂ ಓದಿರಲಿಕ್ಕಿಲ್ಲ. ಕಡೆಗೆ ವಲ್ಲಿಬಟ್ಟೆಯನ್ನು ಹೆಗಲಿಗೆಸೆದುಕೊಂಡು ಮನೆ ಕಡೆ ನಡೆದರು. ಹಿಂದೆ ಯಾರೋ ಕಿಸಕ್ಕೆಂದು ನಕ್ಕರು, ಅದು ಕೇರಿಯ ಕಡೆಯಿಂದ ಬಂದ ನಗೆಯಲ್ಲ.

ಇನ್‌ಸ್ಪೆಕ್ಟರು ಭೇಟಿ ಪುಸ್ತಕದಲ್ಲಿ, 'ಶಾಲೆ ಮರದ ಕೆಳಗೆ ನಡೆಯುತ್ತಿದೆ, ಹಾಜರಾತಿ ತೃಪ್ತಿಕರ' ಎಂದಷ್ಟೇ ಬರೆದರು. ಗೂಬೆಯ ಸುದ್ದಿ ಎತ್ತಲಿಲ್ಲ, ಬೀಗದ ಸುದ್ದಿಯನ್ನೂ ಎತ್ತಲಿಲ್ಲ. ಬುದ್ಧಿವಂತರು. ಆದರೆ ಹೊರಡುವಾಗ ಒಂದು ಇಲಿ ಬುರುಡೆಯನ್ನು ಕಾಗದದಲ್ಲಿ ಸುತ್ತಿ ಜೇಬಿಗಿಳಿಸಿದ್ದನ್ನು ನಾನು ನೋಡಿದೆ. ಮಾರನೆಯ ದಿನ ಕೆಂಪಿ ಕೊಟ್ಟಿಗೆಗೆ ಹೋಗಲಿಲ್ಲ. ಮರದ ಕೆಳಗೆ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು.

ಮರಿಗಳು ಹಾರಿಹೋದ ವಾರ ಪಟೇಲರು ಆಳನ್ನು ಕಳಿಸಿ ಬೀಗ ತೆಗೆಸಿದರು. "ಮಕ್ಳು ಬಿಸ್ಲಲ್ಲಿ ಕೂತವೆ," ಎಂದು ಹೇಳಿಕಳಿಸಿದ್ದರು. ಕೋಣೆಯನ್ನು ಗಂಜಲ ಹಾಕಿ ತೊಳೆಸಿದರು. ತೊಳೆಸಿದ್ದು ಗೂಬೆಗೋ ನಮಗೋ, ನಾನು ಕೇಳಲಿಲ್ಲ. ನೆಲ ಒಣಗುವುದಕ್ಕೂ ಕಾಯದೆ ಎಲ್ಲರನ್ನೂ ಒಳಗೆ ಕರೆದು, ಊರು ಕೇರಿ ಅನ್ನದೆ ಬೆರೆಸಿ ಕೂರಿಸಿದೆ. ಬೇಕಾದರೆ ಇನ್ನೊಂದು ಸಲ ತೊಳೆಸಿಕೊಳ್ಳಲಿ ಅಂತ.

ತೊಳೆಸಲಿಲ್ಲ. ಏಪ್ರಿಲ್‌ನಲ್ಲಿ ನನಗೆ ಅರಕಲಗೂಡು ತಾಲ್ಲೂಕಿಗೆ ವರ್ಗವಾಯಿತು. ಯಾರು ಮಾಡಿಸಿದರು ಎಂಬುದು ಕೇಳಿದ್ದು ಮಾತ್ರ, ನೋಡಿದ್ದಲ್ಲ, ಆದ್ದರಿಂದ ಬರೆಯುವುದಿಲ್ಲ. ಹೋದ ಕಡೆಯೆಲ್ಲ ಹಲಗೆಯ ನಡುವೆ ಗೆರೆ ಎಳೆದೆ. ಮೂವತ್ತೆಂಟು ವರ್ಷ ಎಳೆದೆ. ಅದಕ್ಕಾಗಿ ಇನ್ನೂ ನಾಲ್ಕು ಸಲ ವರ್ಗವಾಯಿತು, ಒಂದಕ್ಕೂ ಬೇಜಾರಿಲ್ಲ.

ಕೆಂಪಿ ಮುಂದೆ ದಂಡಿಗನಹಳ್ಳಿಗೆ ನಡೆದುಕೊಂಡೇ ಹೋಗಿ ಓದಿದಳು, ಹಾಸನದಲ್ಲಿ ಟ್ರೈನಿಂಗ್ ಮಾಡಿ ನರ್ಸಮ್ಮ ಆದಳು. ಅವಳು ನನಗೆ ಬರೆಯುತ್ತಿದ್ದ ಕಾರ್ಡಿನಲ್ಲಿ ಯಾವಾಗಲೂ ನಡುವೆ ಒಂದು ಗೆರೆ ಇರುತ್ತಿತ್ತು. ಅರವತ್ತೊಂಬತ್ತರಲ್ಲಿ ಬಂದ ಒಂದು ಕಾರ್ಡು ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಶೆಟ್ಟಿಹಳ್ಳಿಯಿಂದ ಬಂದವನೇ ಹುಡುಕಿ ತೆಗೆದು ಓದಿದೆ.

'ಸಾವಿತ್ರಿಗೆ ಹೆರಿಗೆ ಕಷ್ಟವಾಗಿತ್ತು. ಪಟೇಲರೇ ಗಾಡಿ ಕಳಿಸಿ ನನ್ನನ್ನು ಕರೆಸಿದರು. ಮಗು ಹೆಣ್ಣು, ಇಬ್ಬರೂ ಚೆನ್ನಾಗಿದ್ದಾರೆ. ಅವರ ಮನೆ ಅಟ್ಟದ ಮೇಲೆ ಗೂಬೆ ಮರಿ ಮಾಡಿದೆ ಸಾರ್. ನಾಲ್ಕು ಮರಿ. ಮನೆಗೆ ಬೀಗ ಹಾಕಿಲ್ಲ. ಒಳಗೆ ಹೋಗಿ ನಾನೇ ನೋಡಿದೆ.'

ಅಷ್ಟೂ ಗೆರೆಯ ಎಡಗಡೆ ಇತ್ತು. ಬಲಗಡೆ ಅವಳು ಏನೂ ಬರೆದಿರಲಿಲ್ಲ.